ಆಷಾಢದ ಗಾಳಿ, ಸೈಕಲ್ಲು, ಒಂದು ಟೆಂಟು

ಚಿತ್ರದುರ್ಗದ ಸೀಮೆಯಲ್ಲಿ ಸೈಕಲ್ ತುಳಿಯುವವರಿಗೆ ಗುಡ್ಡಕ್ಕಿಂತ ಗಾಳಿಯೇ ಕಷ್ಟ. ಏರು ಎಷ್ಟೇ ಕಡಿದಾಗಿರಲಿ, ಎಲ್ಲೋ ಒಂದು ಕಡೆ ಮುಗಿದು ಆಚೆಗೆ ಇಳಿಜಾರು ಸಿಗುತ್ತದೆ. ಎದುರುಗಾಳಿಗೆ ಆಚೆ ಅನ್ನುವುದೇ ಇಲ್ಲ. ಜೋಗಿಮಟ್ಟಿ ಸಾಲಿನ ಗುಡ್ಡಗಳ ನೆತ್ತಿಯ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ನೈಋತ್ಯದ ಮಾರುತ ಘಟ್ಟ ಹತ್ತಿ, ಮಳೆಯನ್ನೆಲ್ಲ ಮಲೆನಾಡಿಗೆ ಸುರಿದು ನಮ್ಮ ಬಯಲಿಗೆ ಬರುವ ಹೊತ್ತಿಗೆ ಅದರಲ್ಲಿ ಉಳಿದಿರುವುದು ಬರೀ ಗಾಳಿ, ಮೇಲೊಂದಿಷ್ಟು ತುಂತುರು.

ಹಾಗಿದ್ದೂ ನಾನು ಹೋಗಿದ್ದು ಆಷಾಢದಲ್ಲೇ. ದಾವಣಗೆರೆಯ ಚೌಕಿಪೇಟೆಯಲ್ಲಿ ಒಂದು ಜವಳಿ ಅಂಗಡಿಯ ಲೆಕ್ಕ ಬರೆಯುವವಳು ನಾನು. ಮದುವೆ ಸೀಸನ್ನಿನಲ್ಲಿ ರಜೆಯ ಮಾತೆತ್ತುವ ಹಾಗಿಲ್ಲ. ಆಷಾಢದಲ್ಲಿ ಮುಹೂರ್ತವಿಲ್ಲ, ಜವಳಿಗೆ ಬರುವವರಿಲ್ಲ. ಸಾಹುಕಾರರೇ "ಎಲ್ಲಾರ ಹೋಗಿ ಬರಂಗಿದ್ರೆ ಈಗ್ಲೇ ಹೋಗಿ ಬಾರಮ್ಮ" ಅನ್ನುತ್ತಾರೆ. ವರ್ಷದಲ್ಲಿ ಗಾಳಿ ಜೋರಿರುವ ತಿಂಗಳೇ ನನ್ನ ಪಾಲಿಗೆ ಬರುವ ತಿಂಗಳು.

ದಾವಣಗೆರೆಯಿಂದ ಚಿತ್ರದುರ್ಗ, ಹಿರಿಯೂರು, ವಾಣಿವಿಲಾಸ ಸಾಗರ, ಹೊಸದುರ್ಗ, ಹೊಳಲ್ಕೆರೆ, ಸೂಳೆಕೆರೆ, ಸಂತೆಬೆನ್ನೂರು, ವಾಪಸ್ ಮನೆ. ಇದು ದಾರಿ. ಉಕ್ಕಿನ ಚೌಕಟ್ಟಿನ ಗೇರ್ ಸೈಕಲ್ಲು, ಹಿಂದಿನ ಕ್ಯಾರಿಯರ್‌ಗೆ ಎರಡು ಬದಿಗೂ ಚೀಲ. ಟೆಂಟು, ಮಡಚುವ ಚಾಪೆ, ರಗ್ಗು, ಸಣ್ಣ ಗ್ಯಾಸ್ ಒಲೆ, ಪಂಕ್ಚರ್ ಸಾಮಾನು. ಬುತ್ತಿಗೆ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ಇಂಥ ತಿರುಗಾಟಕ್ಕೆ ಖಡಕ್ ರೊಟ್ಟಿಯನ್ನು ಮೀರಿಸುವ ಊಟ ಇನ್ನೊಂದಿಲ್ಲ. ಕೆಡುವುದಿಲ್ಲ, ಭಾರವಿಲ್ಲ, ದಾರಿಯಲ್ಲಿ ಯಾರಾದರೂ ಒಂದು ಲೋಟ ಮೊಸರು ಕೊಟ್ಟರೆ ಹೊಟ್ಟೆ ತುಂಬುತ್ತದೆ.

ಮೊದಲ ದಿನದ ಖುಷಿಯನ್ನು ಹೇಗೆ ಹೇಳಲಿ! ದಾವಣಗೆರೆಯಿಂದ ಚಿತ್ರದುರ್ಗಕ್ಕೆ 60 ಕಿ.ಮೀ. ರಸ್ತೆ ಆಗ್ನೇಯಕ್ಕೆ ಸಾಗುತ್ತದೆ, ಪಡುವಣ ಗಾಳಿ ಬೆನ್ನಿಗೂ ಬಲ ಭುಜಕ್ಕೂ ತಾಗುತ್ತದೆ. ಆನಗೋಡು ದಾಟಿದ್ದೇ ಗೊತ್ತಾಗಲಿಲ್ಲ. ಎರಡೂ ಕಡೆ ಮೊಣಕಾಲೆತ್ತರದ ಮೆಕ್ಕೆಜೋಳ ನಾನು ಹೋಗುವ ದಿಕ್ಕಿಗೇ ಬಾಗಿ ಓಡುತ್ತಿತ್ತು. ಭರಮಸಾಗರದಲ್ಲಿ ಮಂಡಕ್ಕಿ ಮಿರ್ಚಿ ತಿಂದು ಎದ್ದಾಗ ಕಾಲು ಇನ್ನೂ ಹೊಸದಾಗಿಯೇ ಇತ್ತು.

ಆದರೆ ಹೆದ್ದಾರಿಯಲ್ಲಿ ಬಲಗಡೆಯ ಗಾಳಿಗೆ ಒಂದು ಗುಣವಿದೆ, ಹೊಸಬರಿಗೆ ಇದನ್ನು ಹೇಳಲೇಬೇಕು. ಗಾಳಿ ಬಲದಿಂದ ತಳ್ಳುವಾಗ ಮೈ ತಾನಾಗಿ ಬಲಕ್ಕೆ ವಾಲಿರುತ್ತದೆ. ಆಗ ಲಾರಿಯೊಂದು ಪಕ್ಕದಲ್ಲಿ ಹಾದರೆ ಅದರ ಗೋಡೆಯಂಥ ಮೈ ಗಾಳಿಯನ್ನು ಪೂರ್ತಿ ತಡೆದುಬಿಡುತ್ತದೆ. ಆತುಕೊಂಡಿದ್ದ ಗಾಳಿ ಇಲ್ಲವಾದ ಕೂಡಲೇ ಸೈಕಲ್ಲು ಲಾರಿಯ ಕಡೆಗೇ ಎಳೆಯುತ್ತದೆ. ಲಾರಿ ಮುಂದೆ ಹೋದ ಮರುಗಳಿಗೆ ಗಾಳಿ ಮತ್ತೆ ರಪ್ಪನೆ ಬಡಿದು ಎಡಕ್ಕೆ, ಜಲ್ಲಿಯ ಅಂಚಿಗೆ ನೂಕುತ್ತದೆ. ಎಂಜಿನ್ನಿನ ಸದ್ದು ಹಿಂದಿನಿಂದ ಕೇಳಿಸುತ್ತಿದ್ದಂತೆ ತುಳಿಯುವುದು ನಿಲ್ಲಿಸಿ, ಹ್ಯಾಂಡಲ್ ಸಡಿಲ ಹಿಡಿದು, ಮೈ ನೆಟ್ಟಗೆ ಮಾಡಿಕೊಳ್ಳುತ್ತಿದ್ದೆ. ಸರ್ವಿಸ್ ರಸ್ತೆ ಸಿಕ್ಕಲ್ಲೆಲ್ಲ ಅದನ್ನೇ ಹಿಡಿದೆ.

ದುರ್ಗದಲ್ಲಿ ಕೋಟೆ ಹತ್ತಲಿಲ್ಲ. ಒಬ್ಬರೇ ಹೊರಟಾಗಿನ ದೊಡ್ಡ ಕೊರತೆ ಇದು: ಸೈಕಲ್ಲು, ಸಾಮಾನು ಕಾಯುವವರಿಲ್ಲ. ಒನಕೆ ಓಬವ್ವನ ಕಿಂಡಿಯನ್ನು ಶಾಲೆಯ ಟೂರಿನಿಂದ ಹಿಡಿದು ಎಷ್ಟೋ ಸಲ ನೋಡಿದ್ದೇನೆ, ಆ ಸಮಾಧಾನವಿತ್ತು. ಆದರೆ ಬಯಲಿಗೆ ಹೋಗಬೇಕಾದಾಗಲೂ ಇದೇ ಪಾಡು. ಪೆಟ್ರೋಲ್ ಬಂಕಿನಲ್ಲಿ ಕೆಲಸಕ್ಕಿದ್ದ ಹೆಣ್ಣುಮಗಳೊಬ್ಬಳು "ನೀವು ಹೋಗ್ಬರ್ರಿ ಅಕ್ಕಾ, ನಾ ನೋಡ್ಕಂತೀನಿ" ಅಂದಾಗ ಕಣ್ಣು ತುಂಬಿ ಬಂತು. ಅದಕ್ಕೆಲ್ಲ ಕಣ್ಣೀರೇ ಅನ್ನಬಹುದು. ಒಂಟಿ ಪ್ರಯಾಣದಲ್ಲಿ ಅಷ್ಟು ಸಣ್ಣ ಉಪಕಾರವೂ ಅಷ್ಟು ದೊಡ್ಡದಾಗಿ ಕಾಣುತ್ತದೆ.

ರಾತ್ರಿ ತಂಗುವ ವಿಷಯದಲ್ಲಿ ನನ್ನದೊಂದು ಪದ್ಧತಿ ಇದೆ. ಸಂಜೆ ನಾಲ್ಕೂವರೆ ಆದರೆ ಮುಂದಿನ ಊರೇ ಅಂದಿನ ಊರು. ಕಟ್ಟೆಯ ಮೇಲೆ ಕೂತ ಗಂಡಸರನ್ನು ಕೇಳುವುದಿಲ್ಲ. ಅಂಗಳದಲ್ಲಿ ಕೆಲಸ ಮಾಡುತ್ತಿರುವ ವಯಸ್ಸಾದ ಹೆಂಗಸನ್ನು ಹುಡುಕುತ್ತೇನೆ, ಮೊದಲು ಕುಡಿಯಲು ನೀರು ಕೇಳುತ್ತೇನೆ. ಅವರ ಪ್ರಶ್ನೆಗಳೆಲ್ಲ ಮುಗಿಯಲಿ ಅಂತ ಕಾಯುತ್ತೇನೆ. ಯಾವ ಊರು, ಮಕ್ಕಳೆಷ್ಟು, ಗಂಡ ಯಾಕೆ ಬರಲಿಲ್ಲ, ಹರಕೆಯೇನಾದರೂ ಇದೆಯೇ. ಆಮೇಲೆ ಟೆಂಟಿನ ಮಾತು. ಮೊದಲ ರಾತ್ರಿ ಐಮಂಗಲದ ಹತ್ತಿರದ ಹಳ್ಳಿಯಲ್ಲಿ ಹಾಗೇ ಆಂಜನೇಯನ ಗುಡಿಯ ಪಕ್ಕ ಜಾಗ ಸಿಕ್ಕಿತು. ಗುಡಿಯ ಗೋಡೆ ಗಾಳಿಗೆ ಮರೆ, ನೆಲ ಕರಿಮಣ್ಣು, ಗೂಟ ಬೆಣ್ಣೆಗೆ ಚಾಕು ಇಳಿದಂತೆ ಇಳಿದವು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಕಾಣುತ್ತಿದ್ದವು. ಚೆನ್ನಾಗಿ ನಿದ್ದೆ ಬಂತು.

ಬೆಳಿಗ್ಗೆ ನೋಡಿದರೆ ಹಿಂದಿನ ಚಕ್ರದಲ್ಲಿ ಗಾಳಿಯೇ ಇಲ್ಲ. ನೆಗ್ಗಿಲ ಮುಳ್ಳು. ನೆಲಕ್ಕೆ ಹಬ್ಬುವ, ಹಳದಿ ಹೂವಿನ ಬಡಪಾಯಿ ಗಿಡ. ಅದರ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೆ ನಿಂತಿರುತ್ತದೆ. ದನದ ನೀರಿನ ತೊಟ್ಟಿಯಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಎಲ್ಲಿ ಬರುತ್ತದೆಂದು ಹುಡುಕಿ, ಅರದಲ್ಲಿ ಉಜ್ಜಿ, ಸಲ್ಯೂಷನ್ ಹಚ್ಚಿ ಒಣಗಿಸಿ ತೇಪೆ ಒತ್ತಿದೆ. ಅಷ್ಟಕ್ಕೇ ಬಿಟ್ಟರೆ ಟಯರಿನಲ್ಲಿ ಉಳಿದ ಮುಳ್ಳಿನ ಮೊನೆ ಮತ್ತೆ ಚುಚ್ಚುತ್ತದೆ. ಆ ಮೊನೆ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಕ್ಕರೆ ರಕ್ತ ಬರುತ್ತದೆ. ಅಂಗಡಿಯಿಂದ ಒಂದು ತುಂಡು ವಾಯಿಲ್ ಬಟ್ಟೆ ತಂದಿದ್ದೆ. ಟಯರಿನ ಒಳಮೈಗೆ ಅದನ್ನು ಮೆಲ್ಲಗೆ ಎಳೆದುಕೊಂಡು ಹೋದರೆ ಮುಳ್ಳಿದ್ದಲ್ಲಿ ಎಳೆ ಸಿಕ್ಕಿಕೊಂಡು ನಿಲ್ಲುತ್ತದೆ. ಹಾಗೆ ಮೂರು ಕಡೆ ನಿಂತಿತು. ಒಂದೊಂದನ್ನೂ ಉಗುರಿನಿಂದ ಕಿತ್ತೆ. ಟೆಂಟು ಬಿಚ್ಚಿ ಮಡಚಿ ಕಟ್ಟಿದ ಮೇಲೆ ಸೈಕಲ್ಲನ್ನು ಉರುಳಿಸದೆ ಹೆಗಲ ಮೇಲೆ ಹೊತ್ತು ರಸ್ತೆಗೆ ತಂದೆ.

ಹಿರಿಯೂರಿನಿಂದ ದಾರಿ ಪಶ್ಚಿಮಕ್ಕೆ ತಿರುಗಿತು, ಪ್ರಯಾಣದ ಬಣ್ಣವೇ ಬದಲಾಯಿತು. ವಾಣಿವಿಲಾಸ ಸಾಗರದವರೆಗಿನ ಸುಮಾರು 20 ಕಿ.ಮೀ.ಗೆ ಮಧ್ಯಾಹ್ನವೆಲ್ಲ ಬೇಕಾಯಿತು. ಮಾರಿಕಣಿವೆ ಅಂತ ಜನ ಕರೆಯುವುದು ಎರಡು ಗುಡ್ಡಗಳ ನಡುವಿನ ಸಂದಿಯನ್ನು. ವೇದಾವತಿಗೆ ಅಲ್ಲೇ ಅಡ್ಡಲಾಗಿ 1898ರಿಂದ 1907ರವರೆಗೆ ಅಣೆಕಟ್ಟೆ ಕಟ್ಟಿದರು. ನೀರು ನಿಲ್ಲಿಸಲು ಒಳ್ಳೆಯ ಜಾಗ ಗಾಳಿ ನುಗ್ಗಲೂ ಒಳ್ಳೆಯ ಜಾಗ. ಬಯಲಿನ ಗಾಳಿಯೆಲ್ಲ ಆ ಸಂದಿಯಲ್ಲಿ ಇಕ್ಕಟ್ಟಾಗಿ ರಭಸದಿಂದ ಹೊರಬರುತ್ತದೆ, ಸೈಕಲ್ಲಿನ ಮೇಲೆ ಕೂರಲಾಗದೆ ಇಳಿದು ತಳ್ಳಿದೆ. ನೀರಿನ ಹತ್ತಿರ ಟೆಂಟು ಹಾಕಲು ಬಿಡಲಿಲ್ಲ. ಇನ್ನೊಂದು ಕಡೆ ಕೇಳಿದೆ, ಅಲ್ಲಿ ಮುಖ ನೋಡಿಯೂ ಮಾತಾಡಲಿಲ್ಲ. ಕತ್ತಲಾಗುತ್ತಿತ್ತು. ಆ ಅರ್ಧ ಗಂಟೆ ನನಗೆ ನಿಜಕ್ಕೂ ಭಯವಾಯಿತು.

ಕೊನೆಗೆ ತೆಂಗಿನ ತೋಟದ ಮನೆಯೊಂದರಲ್ಲಿ ದೀಪ ಕಂಡಿತು. ಅಲ್ಲಿನ ಅಜ್ಜಿ ನನ್ನ ಟೆಂಟಿನ ಗಂಟು ಮುಟ್ಟಿ ನೋಡಿ, "ಗಾಳಿಗೆ ನಿನ್ ಗುಡ್ಲು ಹಾರ್ಕಂಡ್ ಹೋಗ್ತೈತೆ ಕಣವ್ವ, ಜಗ್ಲಿ ಮ್ಯಾಲೆ ಮಲಿಕ್ಕ" ಅಂದರು. ಬಿಸಿ ಮುದ್ದೆ, ಹುರುಳಿಕಾಳಿನ ಸಾರು. ಅಣೆಕಟ್ಟೆ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ, ಆಮೇಲೆ 89 ವರ್ಷ ಬಿಟ್ಟು 2022ರಲ್ಲಿ. ನಡುವೆ ನೀರಿಲ್ಲದೆ ಸುಳಿ ಒಣಗಿದ ತೆಂಗುಗಳನ್ನು ಅವರು ಒಂದೊಂದಾಗಿ ನೆನೆಸಿಕೊಂಡರು, ಮನೆಯವರ ಸಾವನ್ನು ಹೇಳುವ ದನಿಯಲ್ಲೇ. ಕೋಡಿ ಬಿದ್ದ ದಿನ ಮಗ ಅವರನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ನೀರು ತೋರಿಸಲು ಹೋಗಿದ್ದನಂತೆ. ನನಗೆ ಜಾಗ ಸಿಗದೆ ಹೋದದ್ದರಿಂದ ಆ ಮನೆ ಸಿಕ್ಕಿತು. ಹಾಗಂತ ಆ ಅರ್ಧ ಗಂಟೆಯ ಭಯವೇನೂ ಸುಳ್ಳಾಗುವುದಿಲ್ಲ.

ಹೊಸದುರ್ಗ ಹೇಗೋ ಕಳೆಯಿತು. ಹೊಳಲ್ಕೆರೆಯಲ್ಲಿ ಬಯಲು ಗಣಪತಿಗೆ ಕೈಮುಗಿದು ಚನ್ನಗಿರಿ ದಿಕ್ಕಿಗೆ ಹೊರಟೆ. ಅಲ್ಲಿ ರಸ್ತೆ ನೇರ ಪಡುವಣಕ್ಕೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ನಿಶ್ಚಲ ಗಾಳಿಯಲ್ಲಿ 15 ಕಿ.ಮೀ. ವೇಗದಲ್ಲಿ ಹೋಗುವವಳಿಗೆ ಎದೆಗೆ ತಾಗುವುದು 15ರ ಗಾಳಿ. ಎದುರಿನಿಂದ 25 ಕಿ.ಮೀ. ಗಾಳಿ ಬೀಸುತ್ತಿದ್ದರೆ ತಾಗುವುದು 40ರ ಗಾಳಿ, ಅಂದರೆ ಏಳು ಪಟ್ಟು ತಡೆ. ಬದಿಯ ಚೀಲಗಳು ಬೇರೆ. ಸಪಾಟು ರಸ್ತೆಯಲ್ಲಿ ಅತಿ ಸಣ್ಣ ಗೇರಿನಲ್ಲಿ ತುಳಿಯುತ್ತಿದ್ದೆ. ಟಿವಿಎಸ್‌ನಲ್ಲಿ ಹುಲ್ಲಿನ ಹೊರೆ ಇಟ್ಟುಕೊಂಡು ಹೋಗುತ್ತಿದ್ದವರೊಬ್ಬರು ತಿರುತಿರುಗಿ ನೋಡುತ್ತ ಹೋದರು. ತುಂತುರು ಮುಖಕ್ಕೆ ಮರಳಿನಂತೆ ಹೊಡೆಯಿತು. ಒಂದು ಬಸ್ ಶೆಲ್ಟರ್ ಸಿಕ್ಕಿತು. ಕೂತು ಅತ್ತೆ.

ಮನೆಗೆ ಫೋನ್ ಮಾಡಿದಾಗ ನಮ್ಮ ಮನೆಯವರು "ಸೈಕಲ್ಲು ಬಸ್ಸಿಗೆ ಹಾಕ್ಕೊಂಡು ಬಂದ್ಬಿಡು" ಅಂದರು. ಮಗಳು ಫೋನ್ ಕಸಿದುಕೊಂಡು, "ಅಮ್ಮ, ಬೆಳಿಗ್ಗೆ ಎಂಟರವರೆಗೆ ಗಾಳಿ ಕಮ್ಮಿ ತೋರಿಸ್ತಿದೆ, ಐದಕ್ಕೇ ಬಿಡು" ಅಂದಳು. ಬಿಸಿಲೇರಿದಂತೆ ನೆಲ ಕಾಯುತ್ತದೆ, ಮೇಲಿನ ಗಾಳಿ ಕೆಳಗಿಳಿಯುತ್ತದೆ. ಬೆಳಗಿನ ಜಾವ ಅದು ಇಲ್ಲ. ಅವಳು ಹೇಳಿದ್ದನ್ನೇ ಮಾಡಿದೆ. ನಸುಕಿನಲ್ಲಿ ಟಾರ್ಚ್ ಹಾಕಿಕೊಂಡು ಹೊರಟರೆ ಹಿಂದಿನ ದಿನ ಮೂರು ಗಂಟೆ ಹಿಡಿದಷ್ಟು ದೂರ ಒಂದೇ ಗಂಟೆಯಲ್ಲಿ ಹೋಯಿತು. ಗಾಳಿ ಏಳುವಷ್ಟರಲ್ಲಿ ಅಡಿಕೆ ತೋಟಗಳು ಶುರುವಾಗಿದ್ದವು. ರಸ್ತೆಯ ಎರಡೂ ಕಡೆ ಒತ್ತೊತ್ತಾಗಿ ನಿಂತ ಅಡಿಕೆಯ ನೆತ್ತಿಗಳು ಮೇಲೆ ಹುಚ್ಚೆದ್ದು ತೂಗುತ್ತಿದ್ದವು, ಕೆಳಗೆ ನನ್ನ ಸೆರಗೂ ಅಲುಗುತ್ತಿರಲಿಲ್ಲ. ಕುರ್ತಾದ ಮೇಲೆ ಹೊದ್ದ ದುಪಟ್ಟಾಕ್ಕೆ ನಾನು ಸೆರಗು ಅನ್ನುವುದೇ ರೂಢಿ.

ಸೂಳೆಕೆರೆಯ ಏರಿಯೂ ಎರಡು ಗುಡ್ಡಗಳ ನಡುವಿನದೇ. ಈ ಕೆರೆ ಕಟ್ಟಿಸಿದಳು ಅನ್ನುವ ಶಾಂತವ್ವನ ಕಥೆ ನಮ್ಮ ಜಿಲ್ಲೆಯಲ್ಲಿ ಯಾರಿಗೆ ಗೊತ್ತಿಲ್ಲ? ಏರಿಯ ಮೇಲೆ ನಿಂತರೆ ಅಲೆಗಳು ಕಲ್ಲಿಗೆ ಹೊಡೆದು ಹನಿ ಮುಖಕ್ಕೆ ಬರುತ್ತದೆ. ಹೊಟ್ಟೆ ತುಂಬ ನೀರು ನೋಡಿ, ಸಂತೆಬೆನ್ನೂರಿನ ಪುಷ್ಕರಣಿಯ ಮೆಟ್ಟಿಲ ಮೇಲೆ ಕೂತು ಉಳಿದ ರೊಟ್ಟಿ ಮುಗಿಸಿ, ಅಲ್ಲಿಂದ ಉತ್ತರಕ್ಕೆ ತಿರುಗಿದೆ. ಸಂಜೆ ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದೇ ಮನೆಗೆ ಹೋದೆ.

ಮುಂದಿನ ಸಲಕ್ಕೆ ಧನುರ್ಮಾಸದ ರಜೆ ಕೇಳಿದ್ದೇನೆ, ಆಗಲೂ ಮದುವೆಗಳಿಲ್ಲ. ಆ ಹೊತ್ತಿಗೆ ಗಾಳಿ ಈಶಾನ್ಯದಿಂದ ಬೀಸುತ್ತದೆ. ಸೈಕಲ್ಲನ್ನು ಮೊದಲೇ ಬಸ್ಸಿನಲ್ಲಿ ಮೊಳಕಾಲ್ಮೂರಿಗೆ ಒಯ್ದು, ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ನೋಡಿಕೊಂಡು, ನಾಯಕನಹಟ್ಟಿ ಮೇಲೆ ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಮನೆ ಕಡೆಗೆ ತುಳಿಯುವುದು. ಆ ಕಡೆ ಬಳ್ಳಾರಿ ಜಾಲಿ ಜಾಸ್ತಿ, ನೆಗ್ಗಿಲೂ ಬಿಡುವುದಿಲ್ಲ. ದಪ್ಪ ಟಯರಿಗೆ ಹೇಳಿಟ್ಟಿದ್ದೇನೆ. ಟಾಪ್ ಮೇಲೆ ಸೈಕಲ್ ಹಾಕಿಸಿಕೊಳ್ಳುವ ಬಸ್ಸು ಬೆಳಿಗ್ಗೆ ಯಾವುದಿದೆ ಅಂತ ಈ ವಾರ ಬಸ್ ಸ್ಟ್ಯಾಂಡಿಗೆ ಹೋಗಿ ವಿಚಾರಿಸಬೇಕು.