ಡಾಕ್ಟ್ರೇ, ಅನ್ನ ಬಿಡ್ಬೇಕಾ?

ಶುಗರ್ ರಿಪೋರ್ಟ್ ಕೈಗೆ ಬಂದವರು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಕೇಳುವ ಪ್ರಶ್ನೆ ಇದು. ಕಣ್ಣು, ಕಿಡ್ನಿ, ಕಾಲು ಎಲ್ಲ ಆಮೇಲೆ. ಮುಂಬೈ ಪಕ್ಕದ ಡೊಂಬಿವಲಿಯ ನನ್ನ ಕ್ಲಿನಿಕ್ಕಿಗೆ ಬರುವವರಲ್ಲಿ ಕನ್ನಡ, ತುಳು ಮಾತಾಡುವವರು ಬಹಳ. ಕುಂದಾಪುರ, ಕಾರ್ಕಳ ಕಡೆಯವರು "ಅನ್ನ ಬಿಡ್ಬೇಕಾ ಡಾಕ್ಟ್ರೇ?" ಎಂದು ಹೆದರಿ ಕೇಳುತ್ತಾರೆ. ವಿಜಯಪುರ, ಕಲಬುರಗಿ ಕಡೆಯವರದು ಜಗಳದ ದನಿ: "ನಾವು ಅನ್ನ ಮುಟ್ಟೂದ ಇಲ್ರೀ ಮೇಡಂ, ಮೊದ್ಲಿಂದ ರೊಟ್ಟಿನ ತಿಂತೀವಿ. ಮತ್ತ ನಮಗ್ಯಾಕ ಬಂತ್ರಿ ಶುಗರ್?" ಈ ಇಬ್ಬರಿಗೂ ಒಂದೇ ಉತ್ತರ ಸಾಕು. ಅದನ್ನೇ ಇಲ್ಲಿ ಬರೆದಿಟ್ಟರೆ ಸಂಜೆ ಹೊತ್ತು ಕ್ಯೂನಲ್ಲಿ ಕೂತವರಿಗೆ ಸ್ವಲ್ಪ ಕಾಯುವುದು ತಪ್ಪೀತು.

ಅನ್ನ ಬಿಡಬೇಡಿ. ಅಳೆದು ತಿನ್ನಿ, ಜೊತೆಗೆ ಬೇರೇನಾದರೂ ತಿನ್ನಿ.

ಅಳೆಯುವುದು ಅಂದ ಕೂಡಲೇ ಎಲ್ಲರೂ "ನಾನು ತಿನ್ನುವುದೇ ಸ್ವಲ್ಪ" ಅನ್ನುತ್ತಾರೆ. ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಸ್ಟೀಲಿನ ವಾಟಿ (ಸಣ್ಣ ಬಟ್ಟಲು) ಇದೆ, ಅಡುಗೆಮನೆಯ ಸಣ್ಣ ತೂಕದ ಯಂತ್ರವೂ ಇದೆ. ಆ ವಾಟಿಗೆ ಒತ್ತದೆ ಹಾಕಿದರೆ ಸುಮಾರು 150 ಗ್ರಾಂ ಅನ್ನ ಹಿಡಿಯುತ್ತದೆ, ಅಂದರೆ ಬೇಯಿಸುವ ಮೊದಲು 50 ಗ್ರಾಂನಷ್ಟು ಅಕ್ಕಿ. ಅದರಲ್ಲಿ ಸುಮಾರು 40 ಗ್ರಾಂ ಪಿಷ್ಟ, ಅಂದರೆ ಹೊಟ್ಟೆಗೆ ಹೋಗಿ ಸಕ್ಕರೆಯಾಗುವ ಕಾರ್ಬೋಹೈಡ್ರೇಟ್. ಒಬ್ಬರು ಅಮ್ಮ ಮನೆಯಿಂದ ತಮ್ಮ ಊಟದ ಡಬ್ಬಿಯನ್ನೇ ತಂದು ತೋರಿಸಿದರು. ನೋಡಲು ಚಿಕ್ಕ ಡಬ್ಬಿ, ಸೌಟಿನ ಹಿಂಬದಿಯಿಂದ ಚೆನ್ನಾಗಿ ಒತ್ತಿ ತುಂಬಿದ್ದು. ತೂಕಕ್ಕಿಟ್ಟರೆ 400 ಗ್ರಾಂ ದಾಟಿತು. ಪಲ್ಯ ಮುಚ್ಚಳಕ್ಕೆ ಅಂಟಿಕೊಂಡಿದ್ದ ಎರಡು ಚಮಚ. ಅಮ್ಮ ಯಂತ್ರವನ್ನೇ ಅನುಮಾನದಿಂದ ನೋಡಿದರು. ಅವರ ಸೊಸೆ ನಕ್ಕಳು. ನಾನು ನಗಲಿಲ್ಲ, ಯಾಕೆಂದರೆ ನಮ್ಮ ಮನೆಗಳಲ್ಲಿ ಅನ್ನವೇ ಊಟ, ಉಳಿದದ್ದೆಲ್ಲ ನಂಜಿಕೊಳ್ಳಲು. ತೊಂದರೆ ಇರುವುದು ಅಲ್ಲೇ.

ಈಗ ರೊಟ್ಟಿ, ಚಪಾತಿಯ ಲೆಕ್ಕಕ್ಕೆ ಬನ್ನಿ. 30 ಗ್ರಾಂ ಹಿಟ್ಟಿನ ಸಾಧಾರಣ ಚಪಾತಿ ಎರಡು ತಿಂದರೆ ಹೆಚ್ಚುಕಮ್ಮಿ ಅದೇ 40 ಗ್ರಾಂ ಪಿಷ್ಟ. ಅಗಲವಾಗಿ ಬಡಿದ ಜೋಳದ ರೊಟ್ಟಿಗೆ 60 ಗ್ರಾಂ ಮೇಲೆಯೇ ಹಿಟ್ಟು ಬೇಕು. ಒಂದೇ ರೊಟ್ಟಿ ಆ ವಾಟಿ ಅನ್ನಕ್ಕೆ ಸಮ. ಜೋಳದಲ್ಲಿ ನಾರು ಹೆಚ್ಚು, ಶುಗರ್ ಏರುವುದು ಸ್ವಲ್ಪ ನಿಧಾನ, ಹೊಟ್ಟೆ ತುಂಬಿದಂತೆಯೂ ಇರುತ್ತದೆ, ಇದನ್ನೆಲ್ಲ ಒಪ್ಪುತ್ತೇನೆ. ಆದರೆ ಮೂರು ರೊಟ್ಟಿ ತಿಂದು "ಅನ್ನ ತಿನ್ನಲ್ಲ" ಅಂದರೆ ರಕ್ತಕ್ಕೆ ಅದೇನು ತಿಳಿಯುತ್ತದೆ? ಬಿಳಿ ಅನ್ನದ ಬದಲು ಗೋಧಿಗೋ ಸಿರಿಧಾನ್ಯಕ್ಕೋ ಹೋಗಿ, ಒಟ್ಟು ಪಿಷ್ಟವನ್ನು ಅಷ್ಟೇ ಇಟ್ಟುಕೊಂಡರೆ ಡಯಾಬಿಟಿಸ್ ಅಪಾಯ ಇಳಿಯುವುದಿಲ್ಲ ಎಂದು ದೇಶವ್ಯಾಪಿ ಡಯಾಬಿಟಿಸ್ ಸಮೀಕ್ಷೆಯಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದವರು 2025ರಲ್ಲಿ ಬರೆದರು. ಭಾರತೀಯರ ಊಟದ ಶಕ್ತಿಯಲ್ಲಿ ಸುಮಾರು 62% ಪಿಷ್ಟದಿಂದಲೇ ಬರುತ್ತದೆ ಅನ್ನುವುದೂ ಅದರಲ್ಲೇ ಇದೆ. ಪಿಷ್ಟದ ಒಂದು ಪಾಲನ್ನು ತೆಗೆದು ಆ ಜಾಗಕ್ಕೆ ಬೇಳೆಕಾಳು, ಹಾಲು ಮೊಸರಿನಂಥ ಪ್ರೊಟೀನ್ ತಂದಲ್ಲಿ ಅಪಾಯ ಕಮ್ಮಿ ಕಂಡಿತು. ವಿಜಯಪುರದವರ ಜಗಳಕ್ಕೆ ಇದೇ ಜವಾಬು.

ಅನ್ನ ಬಿಟ್ಟವರು ಅದರ ಬದಲು ಏನು ತಿನ್ನುತ್ತಾರೆ ಎಂದು ಕೇಳುತ್ತಾ ಹೋದರೆ ಮುಂಬೈಯ ರಸ್ತೆ ಪೂರ್ತಿ ಕಣ್ಮುಂದೆ ಬರುತ್ತದೆ. ಬೆಳಿಗ್ಗೆ ಗಾಡಿ ಹಿಡಿಯುವ ಗಡಿಬಿಡಿಯಲ್ಲಿ ಚಾ ಜೊತೆ ನಾಲ್ಕು ಮಾರಿ ಬಿಸ್ಕತ್ತು. ಹನ್ನೊಂದಕ್ಕೆ ಆಫೀಸಿನಲ್ಲಿ ಪೋಹೆ. ಮಧ್ಯಾಹ್ನ, ಭಾರೀ ತ್ಯಾಗ ಮಾಡಿದವರಂತೆ, ನಾಲ್ಕು ಚಪಾತಿ ಮತ್ತು ಬಟಾಟೆ ಭಾಜಿ. ಸಂಜೆ ಸ್ಟೇಷನ್ ಹೊರಗೆ ವಡಾಪಾವ್: ಮೈದಾದ ಪಾವ್ ಒಳಗೆ ಕಡಲೆಹಿಟ್ಟು ಹಚ್ಚಿ ಕರಿದ ಬಟಾಟೆ. ಏಕಾದಶಿ ಬಂತೆಂದರೆ ಸಾಬೂದಾಣ ಖಿಚಡಿ. ಇದನ್ನು ನಾವು ಮರಾಠಿ ನೆರೆಯವರಿಂದ ಕಲಿತು, ಅವರಿಗಿಂತ ಜಾಸ್ತಿ ಭಕ್ತಿಯಿಂದ ತಿನ್ನುತ್ತೇವೆ. ಸಾಬೂದಾಣ ಅಂದರೆ ಬರೀ ಪಿಷ್ಟ, ಪ್ರೊಟೀನ್ ಇಲ್ಲವೇ ಇಲ್ಲ ಅನ್ನುವಷ್ಟು. ಅದರ ಮುಂದೆ ಅನ್ನ ಎಷ್ಟೋ ವಾಸಿ. ಉಪವಾಸದ ಮರುದಿನ ಮೀಟರ್ ಏಕೆ ಹಾರಿತು ಎಂದು ಕೇಳಿಕೊಂಡು ಬರುವವರು ಆಷಾಢದಲ್ಲಿ ಹೆಚ್ಚು. ಬೆಲ್ಲ, ಜೇನು ವಿಷಯ ದಯವಿಟ್ಟು ಕೇಳಬೇಡಿ, ಸಕ್ಕರೆಗೂ ಅವಕ್ಕೂ ನಿಮ್ಮ ಶುಗರಿನ ಮಟ್ಟಿಗೆ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ.

"ನಾನು ಸಪೂರ, ನನಗೆ ಹೇಗೆ ಬಂತು?" ಅನ್ನುವವರಿಗೆ ಪುಣೆಯ ಒಂದು ಫೋಟೋದ ಕತೆ ಹೇಳುತ್ತೇನೆ. ಅಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋ ಹಾಕಿ ಒಂದು ಪುಟ್ಟ ಬರಹ ಪ್ರಕಟಿಸಿದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಕೂಡ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು 9.1%, ಯಾಜ್ಞಿಕ್ ಮೈಯಲ್ಲಿ 21.2%. ನೋಡಲು ಇಬ್ಬರೂ ತೆಳ್ಳಗೆ. ನಮ್ಮವರ ಮೈಕಟ್ಟೇ ಹಾಗೆ, ಸ್ನಾಯು ಕಡಿಮೆ, ಕೊಬ್ಬು ಹೊಟ್ಟೆಯ ಒಳಗೆ. ಹಾಗಾಗಿ ನಾನು ತೂಕಕ್ಕಿಂತ ಸೊಂಟದ ಟೇಪು ನೋಡುತ್ತೇನೆ: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಅದರೊಳಗೆ ಇರಬೇಕು. ಪ್ಯಾಂಟಿನ ಸೈಜು ಹೇಳಿ ತಪ್ಪಿಸಿಕೊಳ್ಳಬೇಡಿ, ನಮ್ಮ ಗಂಡಸರು ಪ್ಯಾಂಟ್ ಕಟ್ಟುವುದು ಹೊಟ್ಟೆಯ ಕೆಳಗೆ. ಟೇಪು ಹಿಡಿಯುವುದು ಹೊಕ್ಕುಳ ಮಟ್ಟದಲ್ಲಿ.

ಹಾಗಾದರೆ ತಟ್ಟೆಯಲ್ಲಿ ಏನಿರಬೇಕು? ಬಾಳೆಲೆ ಊಟದಲ್ಲಿ ಮೊದಲು ಏನು ಬಡಿಸುತ್ತಾರೆ ಎಂದು ನೆನಪು ಮಾಡಿಕೊಳ್ಳಿ. ಉಪ್ಪು, ಉಪ್ಪಿನಕಾಯಿ ಆದ ಮೇಲೆ ಕೋಸಂಬರಿ, ಪಲ್ಯ, ಗಸಿ. ಅನ್ನ ಆಮೇಲೆ. ಕೋಸಂಬರಿ ಅಂದರೆ ನೆನೆಸಿದ ಹೆಸರುಬೇಳೆ, ಸೌತೆಕಾಯಿ, ತೆಂಗಿನತುರಿ. ಪ್ರೊಟೀನೂ ಇದೆ, ನಾರೂ ಇದೆ. ನಾವು ಅದನ್ನು ಎಲೆಯ ತುದಿಯಲ್ಲಿ ಒಂದು ಚಿಟಿಕೆ ಬಡಿಸಿ, ಮಧ್ಯೆ ಅನ್ನದ ಗುಡ್ಡ ಮಾಡುತ್ತೇವೆ. ಈ ಅಳತೆಯನ್ನು ತಿರುವುಮುರುವು ಮಾಡಿ ಅನ್ನುವುದಷ್ಟೇ ನನ್ನ ಸಲಹೆ. ಒಂದು ವಾಟಿ ಕೋಸಂಬರಿ ಅಥವಾ ಬಸಳೆ, ತೊಂಡೆ, ಬೆಂಡೆ ಯಾವುದಾದರೂ ಪಲ್ಯ, ಜೊತೆಗೆ ಹೆಸರು, ಅಲಸಂಡೆ, ಹುರುಳಿ ಇದ್ದರೆ ಅದು. ಮೀನು ತಿನ್ನುವವರಿಗೆ ಬಂಗುಡೆ, ಬೂತಾಯಿಗಿಂತ ಒಳ್ಳೆಯದು ಬೇಕಾಗಿಲ್ಲ. ಪಾಪ್ಲೆಟ್ಟಿಗೆ ದುಡ್ಡು ಸುರಿಯಬೇಡಿ. ಇವನ್ನೆಲ್ಲ ಮೊದಲು ತಿನ್ನಿ, ಅರ್ಧ ಹೊಟ್ಟೆ ತುಂಬಿದ ಮೇಲೆ ಆ ಒಂದು ವಾಟಿ ಅನ್ನ ಕಲಸಿ. ತರಕಾರಿ, ಪ್ರೊಟೀನ್ ಮೊದಲು ಹೋಗಿ ಅನ್ನ ಕೊನೆಗೆ ಹೋದರೆ ಊಟದ ನಂತರ ಶುಗರ್ ಅಷ್ಟು ಏರುವುದಿಲ್ಲ. ಕಿಡ್ನಿ ತೊಂದರೆ ಇದೆ ಎಂದು ಹೇಳಿಸಿಕೊಂಡವರು ಮಾತ್ರ ಬೇಳೆ, ಮೀನು ತಾವಾಗಿಯೇ ಹೆಚ್ಚು ಮಾಡಬಾರದು. ಅವರ ಲೆಕ್ಕ ಬೇರೆ.

ಕುಚ್ಚಲಕ್ಕಿ ಒಳ್ಳೆಯದಾ? ಬೆಳ್ತಿಗೆಗಿಂತ, ಅಂದರೆ ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿಗಿಂತ ಒಳ್ಳೆಯದು. ಭತ್ತವನ್ನು ಬೇಯಿಸಿ ಒಣಗಿಸುವಾಗ ಹೊರಪದರದ ಬಿ ವಿಟಮಿನ್ ಸ್ವಲ್ಪ ಅಕ್ಕಿಯೊಳಗೇ ಇಳಿಯುತ್ತದೆ, ಪಿಷ್ಟವೂ ಗಟ್ಟಿಯಾಗಿ ನಿಧಾನಕ್ಕೆ ಕರಗುತ್ತದೆ. ಕೆಂಪು ಪದರ ಉಳಿದಿದ್ದರೆ ಇನ್ನೂ ಲಾಭ. ಊರಿಂದ ಬಸ್ಸಿನಲ್ಲಿ ಮೂಟೆ ತರಿಸುವವರು ತರಿಸಿ. ಆದರೆ ಕುಚ್ಚಲಕ್ಕಿ ಅಂತ ಎರಡು ಪಟ್ಟು ಬಡಿಸಿಕೊಂಡರೆ ಲಾಭವೆಲ್ಲ ಅಲ್ಲಿಗೇ ಮುಗಿಯಿತು. ಗಂಜಿಯ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. ನೀರು ಹೆಚ್ಚಿರುವುದರಿಂದ ಬಟ್ಟಲಿನಲ್ಲಿ ಅಕ್ಕಿ ಕಡಿಮೆ, ಅದು ಒಳ್ಳೆಯದು. ಗಂಜಿಯನ್ನು ಕೆಡಿಸುವುದು ಅದರ ಜೊತೆಗಾರರು, ಮಿಡಿ ಉಪ್ಪಿನಕಾಯಿ ಮತ್ತು ಒಣಮೀನು. ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗಂಜಿ, ಉಪ್ಪಿನಕಾಯಿಯ ಒಂದು ರಾತ್ರಿ ಊಟದಲ್ಲೇ ಅದರಲ್ಲಿ ದೊಡ್ಡ ಪಾಲು ಮುಗಿದಿರುತ್ತದೆ. ಬಿಪಿ ಇರುವವರು ಗಂಜಿಗೆ ಹುರುಳಿ ಚಟ್ನಿಯನ್ನೋ ಹೆಸರುಕಾಳು ಪಲ್ಯವನ್ನೋ ಜೊತೆ ಮಾಡಿ.

ಇಷ್ಟೆಲ್ಲ ಮನೆಯಲ್ಲಿ ಊಟ ಮಾಡುವವರ ಮಾತಾಯಿತು. ನನಗೆ ನಿಜವಾಗಿ ಚಿಂತೆ ಹೋಟೆಲಿನಲ್ಲಿ ಕೆಲಸ ಮಾಡುವವರದ್ದು. ಈ ಊರಿನ ಉಡುಪಿ ಹೋಟೆಲುಗಳಲ್ಲಿ ಕೆಲಸ ಮಾಡುವ ನಮ್ಮ ಹುಡುಗರು, ಮೇಸ್ತ್ರಿಗಳು, ಕ್ಯಾಶ್ ಗಲ್ಲದಲ್ಲಿ ಕೂತವರು ಸಹ, ಊರಿಗೆಲ್ಲ ಹೊತ್ತಿಗೆ ಸರಿಯಾಗಿ ಬಡಿಸಿ ತಾವು ಮಧ್ಯಾಹ್ನದ ಊಟವನ್ನು ನಾಲ್ಕು ಗಂಟೆಗೆ, ರಾತ್ರಿಯದನ್ನು ಶಟರ್ ಎಳೆದ ಮೇಲೆ ಹನ್ನೆರಡಕ್ಕೆ ಮಾಡುತ್ತಾರೆ. ಎರಡರ ನಡುವೆ ಚಾ. ಒಂದು ಚಾಕ್ಕೆ ಎರಡು ಚಮಚ ಸಕ್ಕರೆ ಅಂದರೆ 10 ಗ್ರಾಂ. ಆರು ಚಾ ಆದರೆ 60 ಗ್ರಾಂ. ಅನ್ನದ ಮಾತೇ ಬೇಡ, ಒಂದೂವರೆ ವಾಟಿ ಅನ್ನದ ಪಿಷ್ಟ ಗ್ಲಾಸಿನಲ್ಲೇ ಹೋಯಿತು. ಮಧ್ಯರಾತ್ರಿ ತಟ್ಟೆ ತುಂಬ ಅನ್ನ, ಸಾಂಬಾರು ಸುರಿದುಕೊಂಡು, ಹತ್ತು ನಿಮಿಷಕ್ಕೆ ಚಾಪೆ ಬಿಚ್ಚುತ್ತಾರೆ. ಅದೇ ಊಟ ಹಗಲಿಗಿಂತ ರಾತ್ರಿ ಶುಗರನ್ನು ಹೆಚ್ಚು ಏರಿಸುತ್ತದೆ, ದೇಹದ ಗಡಿಯಾರ ಇರುವುದೇ ಹಾಗೆ. "ಬೇಗ ಊಟ ಮಾಡಿ" ಎಂದು ಬರೆದುಕೊಟ್ಟರೆ ಅವರು ಚೀಟಿ ಮಡಿಸಿ ಜೇಬಿಗಿಡುತ್ತಾರೆ, ಅಷ್ಟೇ. ಹಾಗಾಗಿ ಅವರಿಗೆ ಹೇಳುವುದು ಬೇರೆ: ಚಾದಲ್ಲಿ ಸಕ್ಕರೆ ಅರ್ಧ ಮಾಡಿ, ಚಾ ಬಿಡಬೇಡಿ. ಎಂಟು ಗಂಟೆಯ ಹೊತ್ತಿಗೆ, ರಾತ್ರಿ ಗಿರಾಕಿಗಳ ರಶ್ ಏರುವ ಮೊದಲು, ಅಡುಗೆಮನೆಯಲ್ಲಿ ನಿಂತುಕೊಂಡೇ ಒಂದು ಬಟ್ಟಲು ಉಸಳೆಯೋ (ಕಾಳಿನ ಪಲ್ಯ) ಸಾಂಬಾರಿನ ತರಕಾರಿ, ಬೇಳೆಯೋ ತಿಂದುಬಿಡಿ. ಹನ್ನೆರಡಕ್ಕೆ ಅರ್ಧ ತಟ್ಟೆ ಅನ್ನ ಸಾಕಾಗುತ್ತದೆ. ಮಾಲಕರಿಗೂ ಒಂದು ಮಾತು: ಈ ಬಟ್ಟಲು ಉಸಳೆಗೆ ನಿಮಗೆ ಹೆಚ್ಚೇನೂ ಖರ್ಚಿಲ್ಲ.

ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ನಡೆಯಿರಿ. ಕಾಲಿನ ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್‌ಗೆ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಬೆಳಿಗ್ಗೆ ಐದೂವರೆಗೆ ಎದ್ದು ವಾಕಿಂಗ್ ಮಾಡಲಾಗದವರಿಗೆ ಇದು ವರ. ಜಾಗ ಇಲ್ಲ ಅನ್ನಬೇಡಿ, ಸೊಸೈಟಿಯ ಪಾರ್ಕಿಂಗ್ ಇದೆ, ಮಳೆಗಾಲದಲ್ಲಿ ಬಿಲ್ಡಿಂಗಿನ ಪ್ಯಾಸೇಜ್ ಇದೆ. ಪಕ್ಕದ ಮನೆಯವರು ನೋಡಿ ನಗುತ್ತಾರೆ, ವಾರ ಕಳೆದರೆ ಅವರೂ ಬರುತ್ತಾರೆ.

ಒಂದು ಮಾತು ದಪ್ಪ ಅಕ್ಷರದಲ್ಲಿ ಬರೆದಂತೆ ಓದಿಕೊಳ್ಳಿ. ಮಾತ್ರೆ ನಡೆಯುತ್ತಿರುವಾಗ ಡಾಕ್ಟರಿಗೆ ಹೇಳದೆ ಅನ್ನ ಬಿಡಬೇಡಿ, ಕಡಿಮೆಯೂ ಮಾಡಬೇಡಿ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಶುಗರ್ ಇಳಿದುಬಿಡುವ ಅಪಾಯ ಬಹಳ ಕಡಿಮೆ. ಗ್ಲಿಮೆಪಿರೈಡ್ ಜಾತಿಯ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಹಾಗಲ್ಲ. ನೀವು ಉಣ್ಣಲಿ ಬಿಡಲಿ, ಅವು ತಮ್ಮ ಕೆಲಸ ಮಾಡುತ್ತವೆ. ವಾಟ್ಸಾಪಿನಲ್ಲಿ ಬಂದದ್ದನ್ನು ಓದಿ ರಾತ್ರಿ ಅನ್ನ ಬಿಟ್ಟು, ಮಾತ್ರೆ ಮಾತ್ರ ನುಂಗಿ ಮಲಗಿದ ಒಬ್ಬರನ್ನು ಮನೆಯವರು ನಸುಕಿನಲ್ಲಿ ಕರೆತಂದರು. ಬನಿಯನ್ ಬೆವರಿಗೆ ತೊಯ್ದಿತ್ತು, ಕೈ ನಡುಗುತ್ತಿತ್ತು, ಹೆಂಡತಿಯ ಹೆಸರು ಕೇಳಿದರೆ ಮಗಳ ಹೆಸರು ಹೇಳುತ್ತಿದ್ದರು. ಮನೆಯವರು ಹಾರ್ಟ್ ಅಟ್ಯಾಕ್ ಅಂದುಕೊಂಡಿದ್ದರು. ಮೀಟರಿನಲ್ಲಿ ಶುಗರ್ 46. ಬೆವರು, ನಡುಕ, ತಲೆ ಗೊಂದಲ ಶುರುವಾದರೆ, ನುಂಗಲು ಆಗುತ್ತಿದ್ದರೆ, ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷದಲ್ಲಿ ಮತ್ತೆ ನೋಡಿ. 70ಕ್ಕಿಂತ ಕೆಳಗೇ ಇದ್ದರೆ ಇನ್ನೊಮ್ಮೆ ಕೊಡಿ, ಆಮೇಲೆ ಏನಾದರೂ ತಿನ್ನಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಸುರಿಯಬೇಡಿ, ಸೀದಾ ಆಸ್ಪತ್ರೆಗೆ ಕರೆದೊಯ್ಯಿರಿ.

ಕೊನೆಗೂ ನನ್ನ ಮಾತಿಗಿಂತ ನಿಮ್ಮ ಮೀಟರಿನ ಮಾತು ನಂಬಿ. ಒಂದು ದಿನ ನಾನು ಹೇಳಿದ ಹಾಗೆ ಪಲ್ಯ, ಬೇಳೆ, ಒಂದು ವಾಟಿ ಅನ್ನ ತಿಂದು, ಊಟ ಶುರು ಮಾಡಿ ಎರಡು ಗಂಟೆಗೆ ಬೆರಳು ಚುಚ್ಚಿ ನೋಡಿ. ಇನ್ನೊಂದು ದಿನ ಅನ್ನದ ಬದಲು ಎರಡು ಚಪಾತಿ ಹಾಕಿ, ಉಳಿದದ್ದೆಲ್ಲ ಹಾಗೇ ಇಟ್ಟು ನೋಡಿ. ಹೆಚ್ಚಿನವರಿಗೆ 180ರ ಒಳಗಿದ್ದರೆ ಸಾಕು. ಚಪಾತಿಯಲ್ಲೇ ಅಂಕಿ ಚೆನ್ನಾಗಿ ಬಂದರೆ ಚಪಾತಿಯನ್ನೇ ಇಟ್ಟುಕೊಳ್ಳಿ, ನನಗೇನೂ ಬೇಜಾರಿಲ್ಲ. ಎರಡೂ ಒಂದೇ ಬಂದರೆ ಅನ್ನದ ಮೇಲಿನ ಸಿಟ್ಟು ಬಿಟ್ಟುಬಿಡಿ. ತಿಂದದ್ದು, ಹೊತ್ತು, ಅಂಕಿ ಮೂರನ್ನೂ ಒಂದು ಕಾಗದದಲ್ಲಿ ಬರೆದು, ಈಗ ನುಂಗುತ್ತಿರುವ ಮಾತ್ರೆಗಳ ಸ್ಟ್ರಿಪ್ ಸಮೇತ ತನ್ನಿ. ಯಾರೋ ಕೊಟ್ಟ ಹೆಸರಿಲ್ಲದ ಪುಡಿ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ತನ್ನಿ, ಬೈಯುವುದಿಲ್ಲ.