ಎರಡು ಪಂದ್ಯಗಳ ನಡುವೆ 17 ಗಂಟೆ

ಶನಿವಾರ ರಾತ್ರಿ 11.40ಕ್ಕೆ ಮಂಗಳೂರಿನ ಮೈದಾನದಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟದ ಕೊನೆಯ ಲೀಗ್ ಪಂದ್ಯ ಮುಗಿಯಿತು. ಕ್ವಾರ್ಟರ್ ಫೈನಲ್ ಆದಿತ್ಯವಾರ ಸಂಜೆ 5ಕ್ಕೆ. ತಂಡದಲ್ಲಿ 12 ಮಂದಿ, ಸಂಘಟಕರಿಗೆ ಬರೆದುಕೊಟ್ಟ ಬಣ್ಣದ ಜೆರ್ಸಿ ಇರುವುದು ಒಂದೇ ಸೆಟ್. ಏಪ್ರಿಲ್ ತಿಂಗಳ ಸೆಖೆ. ಅಂಕಣದಿಂದ ಹೊರಬಂದವರ ಜೆರ್ಸಿ ಹಿಂಡಿದರೆ ನೀರು ಇಳಿಯುವಷ್ಟು ಒದ್ದೆ. 17 ಗಂಟೆಯೊಳಗೆ ಅವೇ ಜೆರ್ಸಿಗಳು ಒಗೆದು, ಒಣಗಿ, ಹರಿದದ್ದು ಹೊಲಿದು, ನಂಬರ್ ನೆಟ್ಟಗಾಗಿ ಮತ್ತೆ ಮೈಮೇಲೆ ಬರಬೇಕು.

ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಮೊದಲ ಒಂದು ಗಂಟೆ. ಪಂದ್ಯದಲ್ಲಿ ಹಿಡಿದೆಳೆದು ಜೆರ್ಸಿ ಹಾಳಾಗುವುದು ಕಡಿಮೆ, ಪಂದ್ಯ ಮುಗಿದ ಮೇಲೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಮುದ್ದೆಯಾಗಿ ಬಿದ್ದು ಹಾಳಾಗುವುದೇ ಹೆಚ್ಚು. ಬೆವರಿಗೆ ಸ್ವಂತ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಅದರಲ್ಲಿರುವ ಕೊಬ್ಬು ಮತ್ತಿತರ ಅಂಶಗಳನ್ನು ಬ್ಯಾಕ್ಟೀರಿಯಾ ಒಡೆದಾಗ ನಾತ ಹುಟ್ಟುತ್ತದೆ. ಪಾಲಿಯೆಸ್ಟರ್ ನೂಲು ನೀರು ಕುಡಿಯುವುದಿಲ್ಲ, ಆದರೆ ಮೈಯ ಜಿಡ್ಡನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಗಂಟೆ ಸೈಕ್ಲಿಂಗ್ ವ್ಯಾಯಾಮ ಮಾಡಿದ 26 ಮಂದಿಯ ಟೀ ಶರ್ಟುಗಳನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಹತ್ತಿಯ ಬಟ್ಟೆಗಿಂತ ಪಾಲಿಯೆಸ್ಟರೇ ಹೆಚ್ಚು ನಾರುತ್ತಿತ್ತು, ನಾತಕ್ಕೆ ಕಾರಣವಾದ ಮೈಕ್ರೊಕಾಕಸ್ ಬ್ಯಾಕ್ಟೀರಿಯಾ ಅದರ ಮೇಲೆ ಚೆನ್ನಾಗಿ ಬೆಳೆದಿತ್ತು. ನಮ್ಮ ಕರಾವಳಿಯ ಸೆಖೆಯಲ್ಲಿ ಕಟ್ಟಿಟ್ಟ ತೊಟ್ಟೆ ಅವಕ್ಕೆ ಹೇಳಿ ಮಾಡಿಸಿದ ಜಾಗ. ಒಮ್ಮೆ ಆ ನಾತ ನೂಲಿಗೆ ಹಿಡಿಯಿತೆಂದರೆ ಹತ್ತು ಸಲ ಒಗೆದರೂ ಪೂರ್ತಿ ಹೋಗುವುದಿಲ್ಲ, ಜೆರ್ಸಿ ಹಾಕಿ ಐದು ನಿಮಿಷ ಮೈ ಬಿಸಿಯಾದರೆ ಸಾಕು, ಪುನಃ ಏಳುತ್ತದೆ.

ಆದ್ದರಿಂದ ತೊಟ್ಟೆ ಬೇಡ, ಬಲೆಯ ಚೀಲ ಬೇಕು. ಈರುಳ್ಳಿ ಬರುವ ದೊಡ್ಡ ಬಲೆ ಚೀಲವಾದರೂ ಆದೀತು, ಅಂಚಿನಲ್ಲಿ ಒರಟು ದಾರ ಇರಬಾರದು, ಅಷ್ಟೇ. ಜೆರ್ಸಿಯನ್ನು ಬಿಚ್ಚಿದ ಕೂಡಲೇ ಒಳಮೈ ಹೊರಗೆ ತಿರುಗಿಸಿ ಹಾಕಬೇಕು. ಬೆವರು, ಜಿಡ್ಡು ಇರುವುದು ಒಳಬದಿಗೆ, ಪ್ರಿಂಟು ಇರುವುದು ಹೊರಬದಿಗೆ. ಉಜ್ಜಾಟ ಬೀಳಬೇಕಾದದ್ದು ಒಳಬದಿಗೆ.

ವ್ಯಾನಿನಲ್ಲಿ ವಾಪಸು ಬರುವಾಗ ಹುಡುಗರು ಕೇಳುವ ಮಾತೊಂದಿದೆ: "ಅಣ್ಣಾ, ದೊಡ್ಡ ಟೀಮಿನವರು ಪ್ರತಿ ಮ್ಯಾಚಿಗೂ ಹೊಸ ಜೆರ್ಸಿ ಹಾಕುದಂತೆ, ಹೌದಾ?"

ಕೆಲವರು ಹೌದು, ಹೆಚ್ಚಿನವರು ಅಲ್ಲ. ಯುರೋಪಿನ ಶ್ರೀಮಂತ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಒಬ್ಬ ಆಟಗಾರನಿಗೆ ಒಂದು ಪಂದ್ಯಕ್ಕೆ ಸಾಮಾನ್ಯವಾಗಿ ಎರಡು ಜೆರ್ಸಿ ಇಡುತ್ತಾರೆ, ಮಧ್ಯಂತರದಲ್ಲಿ ಬದಲಿಸಲಿಕ್ಕೆ. ಪಂದ್ಯ ಮುಗಿದ ಮೇಲೆ ಎದುರಾಳಿಯೊಡನೆ ಬದಲಾಯಿಸಿಕೊಳ್ಳುವುದು, ದತ್ತಿಗೆ ಹರಾಜು ಹಾಕುವುದು ಇದ್ದೇ ಇದೆ, ಹಾಗಾಗಿ ಅಲ್ಲಿ ಹೊಸತು ಬರುತ್ತಲೇ ಇರುತ್ತದೆ. ಕೆಳಗಿನ ಹಂತದ ಲೀಗುಗಳಲ್ಲಿ ಒಗೆದು ಹಾಕುವುದೇ ಕ್ರಮ, ಅಂಗಿ ಯಾರಿಗಾದರೂ ಕೊಡುವುದಿದ್ದರೆ ಕಿಟ್ ನೋಡಿಕೊಳ್ಳುವವರನ್ನು ಕೇಳಿಯೇ ಕೊಡಬೇಕು. ಅಮೆರಿಕದ ಬೇಸ್‌ಬಾಲಿನಲ್ಲಿ ಒಂದು ತಂಡಕ್ಕೆ ಲೀಗ್ ಹಂತದಲ್ಲೇ 162 ಪಂದ್ಯ. ಬಹುತೇಕ ಪ್ರತಿದಿನ ಆಟ. ಅವರು ಅವವೇ ಸಮವಸ್ತ್ರಗಳನ್ನು ರಾತ್ರಿಯೇ ಒಗೆದು ಮರುದಿನಕ್ಕೆ ಸಿದ್ಧ ಮಾಡುತ್ತಾರೆ. ಪಂದ್ಯ ಮುಗಿದು ಪ್ರೇಕ್ಷಕರೆಲ್ಲ ಮನೆ ಸೇರಿದ ಮೇಲೂ ಕ್ಲಬ್‌ಹೌಸಿನಲ್ಲಿ ಒಗೆಯುವ ಯಂತ್ರಗಳು ತಿರುಗುತ್ತಿರುತ್ತವೆ. ಅಮೆರಿಕನ್ ಫುಟ್‌ಬಾಲಿನಲ್ಲಿ ಜೆರ್ಸಿ ಹರಿದರೆ ಹೊಲಿದು, ತೇಪೆ ಹಾಕಿ ಮತ್ತೆ ಹಾಕಿಕೊಳ್ಳುತ್ತಾರೆ. ಕೋಟಿಗಟ್ಟಲೆ ಸಂಬಳದ ಆಟಗಾರನೂ ಒಗೆದ ಜೆರ್ಸಿಯನ್ನೇ ಹಾಕುತ್ತಾನೆ ಎಂದರೆ ನಮ್ಮ ಹುಡುಗರಿಗೆ ನಂಬಿಕೆ ಬರುವುದಿಲ್ಲ.

ರೂಮು ತಲುಪಿದ್ದು 12.30ಕ್ಕೆ. ಮೊದಲು ಎಣಿಕೆ: ಜೆರ್ಸಿ 12, ಚಡ್ಡಿ 12. ನೀ ಕ್ಯಾಪ್, ಎಲ್ಬೋ ಗಾರ್ಡುಗಳನ್ನು ಬೇರೆ ಇಟ್ಟು, ವೆಲ್ಕ್ರೊ ಇರುವವನ್ನೆಲ್ಲ ಮುಚ್ಚಿ ಹಾಕಬೇಕು. ತೆರೆದ ವೆಲ್ಕ್ರೊ ಒಂದೇ ಒಂದು ಯಂತ್ರದೊಳಗೆ ಹೋದರೆ ಹನ್ನೆರಡು ಜೆರ್ಸಿಗಳ ನೂಲೂ ಎದ್ದು ಬರುತ್ತದೆ. ಎದ್ದ ನೂಲನ್ನು ಕತ್ತರಿಸಬಾರದು, ಅಲ್ಲಿಂದಲೇ ತೂತು ಶುರುವಾಗುತ್ತದೆ. ಸಣ್ಣ ಸೂಜಿಯ ತುದಿಯಲ್ಲಿ ಹಿಡಿದು ಬಟ್ಟೆಯ ಒಳಬದಿಗೆ ಎಳೆದುಬಿಟ್ಟರೆ ಹೊರಗೆ ಕಾಣುವುದಿಲ್ಲ.

ಆಮೇಲೆ ತಣ್ಣೀರು. ಎರಡು ಬಾಲ್ದಿಯಲ್ಲಿ ಬರೇ ತಣ್ಣೀರು ತುಂಬಿ 20 ನಿಮಿಷ ನೆನೆಸಿ, ಹಿಂಡದೆ ಒತ್ತಿ ತೆಗೆಯುವುದು. ಬೆವರಿನ ಉಪ್ಪು ಹೋಗುವುದು ಈ ನೀರಿನಲ್ಲಿ. ರಕ್ತದ ಕಲೆ ಇದ್ದರೆ ಬಿಸಿನೀರು ತಾಗಿಸಲೇಬಾರದು, ಬಿಸಿಗೆ ರಕ್ತದ ಪ್ರೊಟೀನು ಬೆಂದು ನೂಲಿಗೆ ಕೂತುಬಿಡುತ್ತದೆ. ತಣ್ಣೀರಿನಲ್ಲಿ ಉಪ್ಪು ಕಲಸಿ ಒರೆಸಿ, ಎನ್ಜೈಮ್ ಇರುವ ಲಿಕ್ವಿಡ್ ಡಿಟರ್ಜೆಂಟ್ ಎರಡು ಹನಿ ಹಚ್ಚಿ ಹದಿನೈದು ನಿಮಿಷ ಬಿಟ್ಟರೆ ಸಾಕು.

ಒಂದು ಜೆರ್ಸಿ ಸುಮಾರು 150 ಗ್ರಾಂ. ಚಡ್ಡಿಗಳನ್ನೂ ಸೇರಿಸಿದರೆ ಒಟ್ಟು ಮೂರೂವರೆ ಕಿಲೋ ಒಳಗೆ. 7 ಕಿಲೋ ಯಂತ್ರದಲ್ಲಿ ಎಲ್ಲವೂ ಹಿಡಿಯುತ್ತದೆ ಎಂದು ಒಂದೇ ಸಲ ತುಂಬಿಸುವ ಆಸೆಯಾಗುತ್ತದೆ. ತುಂಬಿಸಬಾರದು. ಸಿಂಥೆಟಿಕ್ ಬಟ್ಟೆಗೆ ಡ್ರಮ್ಮಿನಲ್ಲಿ ಸಾಕಷ್ಟು ಜಾಗ ಖಾಲಿ ಇದ್ದರೇ ನೀರು ನೂಲುಗಳ ನಡುವೆ ಹೊಕ್ಕು ಹೊರಡುತ್ತದೆ. ಎರಡು ಬ್ಯಾಚು, 30 ಡಿಗ್ರಿ, ಬ್ಯಾಚಿಗೆ ಲಿಕ್ವಿಡ್ 30 ಎಂ.ಎಲ್., ಒಂದು ಹೆಚ್ಚುವರಿ ಜಾಲಿಸುವಿಕೆ. ನಮ್ಮ ಕಡೆಯ ಬಾವಿನೀರು ಮೆದು, ನೊರೆ ಬೇಗ ಬರುತ್ತದೆ. ಒಂದು ಮುಚ್ಚಳ ಜಾಸ್ತಿ ಹಾಕಿದರೆ ಸೋಪು ಬಟ್ಟೆಯಲ್ಲೇ ಉಳಿದು, ಮರುದಿನ ಬೆವರಿದಾಗ ಮೈ ತುರಿಸುತ್ತದೆ.

ಬಟ್ಟೆ ಮೆದುವಾಗಲೆಂದು ಹಾಕುವ ಪರಿಮಳದ ಕಂಫರ್ಟ್ ಥರದ್ದು ಯಾವುದನ್ನೂ ಜೆರ್ಸಿಗೆ ಹಾಕಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಅದು ನೂಲಿನ ಮೇಲೆ ಮೇಣದಂಥ ಪದರ ಕಟ್ಟುತ್ತದೆ. ಬೆವರನ್ನು ಎಳೆದು ಹೊರಗೆ ಬಿಡಬೇಕಾದ ಬಟ್ಟೆ ಆಮೇಲೆ ಮೈಗೆ ಅಂಟಿಕೊಂಡು ಕೂರುತ್ತದೆ, ಹಳೆಯ ನಾತವೂ ಆ ಪದರದಡಿ ಭದ್ರವಾಗುತ್ತದೆ. ವಾಸನೆ ಹಿಡಿದದ್ದಕ್ಕೆ ಬಿಳಿ ವಿನೆಗರ್ ವಾಸಿ: ಅರ್ಧ ಬಾಲ್ದಿ ನೀರಿಗೆ ಒಂದು ಲೋಟ, ಅರ್ಧ ಗಂಟೆ. ಆದರೆ ವಿನೆಗರನ್ನೂ ಬ್ಲೀಚನ್ನೂ ಯಾವತ್ತೂ ಒಟ್ಟಿಗೆ ಬೆರೆಸಬಾರದು, ವಿಷದ ಕ್ಲೋರಿನ್ ಅನಿಲ ಏಳುತ್ತದೆ.

ಈಗ ಚಡ್ಡಿಯ ಕೆಂಪು. ಪಂದ್ಯ ನಡೆಯುವುದು ಮ್ಯಾಟಿನ ಮೇಲೆಯೇ, ಆದರೆ ಹುಡುಗರು ಮೈ ಬಿಸಿ ಮಾಡಿಕೊಳ್ಳುವುದು, ಕೂರುವುದು ಬದಿಯ ಮುರಕಲ್ಲಿನ ಮಣ್ಣಿನಲ್ಲಿ. ಆ ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನದ್ದು. ಅದನ್ನು ಬ್ಲೀಚು ಬಿಳಿ ಮಾಡುವುದಿಲ್ಲ, ಬದಲಿಗೆ ಕಲೆಯನ್ನು ಗಟ್ಟಿ ಮಾಡಿ ಇಲಾಸ್ಟಿಕ್ಕನ್ನೂ ತಿನ್ನುತ್ತದೆ. ಮಣ್ಣು ಹಸಿ ಇರುವಾಗ ಉಜ್ಜಿದರೆ ಕಣಗಳು ನೂಲಿನ ಒಳಕ್ಕೆ ಇಳಿಯುತ್ತವೆ. ಆದ್ದರಿಂದ ಕೆಂಪಾದ ಚಡ್ಡಿಗಳನ್ನು ಬೇರೆ ತೆಗೆದು ಫ್ಯಾನಿನ ಕೆಳಗೆ ಒಣಗಲು ಬಿಟ್ಟು, ಒಣಗಿದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಕೊಡವಿ, ಆಮೇಲೆ ಬಾರ್ ಸೋಪು. ಅವು ಎರಡನೇ ಬ್ಯಾಚಿಗೆ. ಬೇಸ್‌ಬಾಲಿನವರ ಬಿಳಿ ಪ್ಯಾಂಟಿಗೆ ಹತ್ತುವುದೂ ಇಂಥದೇ ಕೆಂಪು ಜೇಡಿ. ಅವರೂ ಮೊಣಕಾಲಿನ ಜಾಗಕ್ಕೆ ಹಳದಿ ಬಾರ್ ಸೋಪು ಹಿಡಿದು ಕೈಯಲ್ಲೇ ತಿಕ್ಕುತ್ತಾರೆ. ಸಾವಿರ ಪಂದ್ಯ ಒಗೆದವರೂ ಕೊನೆಗೆ ಬಂದು ನಿಂತದ್ದು ಬಾರ್ ಸೋಪಿಗೆ.

ಹುಡುಕಲು ಸುಲಭವಾಗಲಿ ಎಂದು ಒಬ್ಬೊಬ್ಬರ ಜೆರ್ಸಿ, ಚಡ್ಡಿಯನ್ನು ಪಿನ್ನಿನಲ್ಲಿ ಸೇರಿಸುವ ಪದ್ಧತಿ ಇದೆ. ಅಮೆರಿಕದ ತಂಡಗಳಲ್ಲಿ ನಂಬರ್ ಬರೆದ ಪಟ್ಟಿಗೆ ಕಾಲುಚೀಲ, ಒಳಚಡ್ಡಿಗಳನ್ನು ಪೋಣಿಸಿ ಹಾಗೆಯೇ ಯಂತ್ರಕ್ಕೆ ಹಾಕುತ್ತಾರೆ. ಪಟ್ಟಿ ಒಳ್ಳೆಯದು, ಪಿನ್ನು ಇಲ್ಲಿ ನಡೆಯುವುದಿಲ್ಲ. ಸಮುದ್ರದ ಗಾಳಿಗೆ ಸಾಧಾರಣ ಸೇಫ್ಟಿ ಪಿನ್ನು ಒಂದೇ ರಾತ್ರಿಯಲ್ಲಿ ತುಕ್ಕು ಬಿಡುತ್ತದೆ. ಅವತ್ತು 4ನೇ ನಂಬರಿನ ಜೆರ್ಸಿಯ ಬಿಳಿ ಪಟ್ಟಿಯ ಮೇಲೆ, ಪಿನ್ನು ಚುಚ್ಚಿದ್ದ ಜಾಗದಲ್ಲಿ, ಸಾಸಿವೆಕಾಳಿನ ಗಾತ್ರದ ಎರಡು ಕಂದು ಚುಕ್ಕೆ. ಸೋಪಿಗೆ ಜಗ್ಗಲಿಲ್ಲ. ಅದಕ್ಕೆ ಮದ್ದು ಇದ್ದದ್ದು ಹಿತ್ತಿಲಿನ ಬಿಂಬುಳಿ ಮರದಲ್ಲಿ. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಧಾರಾಳ, ಅದು ಕಬ್ಬಿಣದ ತುಕ್ಕನ್ನು ಹಿಡಿದುಕೊಂಡು ನೀರಿನಲ್ಲಿ ಕರಗಿಸುತ್ತದೆ. ಬೆಳಿಗ್ಗೆ ಎರಡು ಕಾಯಿ ಜಜ್ಜಿ, ರಸವನ್ನು ಹತ್ತಿಯಲ್ಲಿ ಅದ್ದಿ ಚುಕ್ಕೆಯ ಮೇಲಿಟ್ಟರೆ ಮೂರು ನಿಮಿಷಕ್ಕೆ ಕಂದು ಹೋಗಿ ತೆಳು ಹಳದಿ, ಹತ್ತು ನಿಮಿಷಕ್ಕೆ ಏನೂ ಇಲ್ಲ. ಕೂಡಲೇ ಮೂರು ನೀರಿನಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಹುಳಿ ಬಣ್ಣಕ್ಕೂ ತಾಗೀತು. ಬಣ್ಣದ ಭಾಗಕ್ಕೆ ಹಚ್ಚುವ ಮೊದಲು ಕೆಳ ಮಡಿಕೆಯ ಒಳಬದಿಯಲ್ಲಿ ಒಂದು ಹನಿ ಹಾಕಿ ನೋಡಿ. ನಮ್ಮ ಮನೆಗಳಲ್ಲಿ ಹಿತ್ತಾಳೆ ಪಾತ್ರೆ ಬೆಳಗುವ ಕಾಯಿ, ಜೆರ್ಸಿಗೂ ಆಯಿತು.

ರಾತ್ರಿ ಎರಡೂವರೆಗೆ ಒಣಗಿಸುವ ಕೆಲಸ. ಏಪ್ರಿಲಿನ ಮಂಗಳೂರಿನಲ್ಲಿ ರಾತ್ರಿಯ ಗಾಳಿಯೇ ಒದ್ದೆ, ಹೊರಗೆ ಹಾಕಿದರೆ ಬೆಳಿಗ್ಗೆಗೂ ಚಂಡಿ. ಯಂತ್ರದಲ್ಲಿ ನಿಮಿಷಕ್ಕೆ 800 ಸುತ್ತಿನ ಸ್ಪಿನ್ ಆದ ಮೇಲೆ ಒಂದೊಂದು ಜೆರ್ಸಿಯನ್ನು ಒಣ ಬೈರಾಸಿನಲ್ಲಿ ಸುರುಳಿ ಸುತ್ತಿ ಮೊಣಕೈಯಿಂದ ಒತ್ತಿದರೆ ಬೈರಾಸು ಇನ್ನಷ್ಟು ನೀರು ಕುಡಿಯುತ್ತದೆ. ನಂತರ ಹ್ಯಾಂಗರಿಗೆ, ಒಳಮೈ ಹೊರಗೆ, ಒಂದಕ್ಕೊಂದು ಒಂದು ಗೇಣು ಬಿಟ್ಟು. ಏಸಿ ಇರುವ ರೂಮಾದರೆ ಡ್ರೈ ಮೋಡಿನಲ್ಲಿ ಇಟ್ಟು, ಕಿಟಕಿ ಮುಚ್ಚಿ, ಪೆಡಸ್ಟಲ್ ಫ್ಯಾನನ್ನು ಜೆರ್ಸಿಗಳ ಕೆಳಗಿನಿಂದ ಮೇಲಕ್ಕೆ ತಿರುಗಿಸಬೇಕು. ಹಾಗೆ ಇಟ್ಟರೆ ನಾಲ್ಕು ಗಂಟೆಯಲ್ಲಿ ಬಟ್ಟೆ ಒಣಗುತ್ತದೆ. ಆದರೆ ಬಟ್ಟೆ ಮುಟ್ಟಿ "ಒಣಗಿದೆ" ಎನ್ನಬಾರದು. ಚಡ್ಡಿಯ ಸೊಂಟದ ಇಲಾಸ್ಟಿಕ್, ಕಾಲರಿನ ಮಡಿಕೆ, ನಂಬರಿನ ಹಿಂಬದಿ ಕೊನೆಗೆ ಒಣಗುವ ಮೂರು ಜಾಗ. ಇಲಾಸ್ಟಿಕ್ಕನ್ನು ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ.

ಮಧ್ಯಾಹ್ನದ ಬಿಸಿಲಿಗೆ ಹಾಕಿದರೆ ಒಂದೇ ಗಂಟೆಯ ಕೆಲಸ ಎನ್ನುವವರಿದ್ದಾರೆ. ತುರ್ತಿಗೆ ಒಮ್ಮೆ ಹಾಕಬಹುದು. ದಿನಾ ಹಾಕಿದರೆ ಬಣ್ಣ ಮಾಸಿ, ಅಂಟಿಸಿದ ನಂಬರು ಒಡೆಯುತ್ತದೆ. ಬಿಸಿ ಡ್ರೈಯರ್ ಮಾತ್ರ ಖಂಡಿತ ಬೇಡ. ಅವಸರಕ್ಕೆಂದು ಒಂದು ಲಾಂಡ್ರಿಗೆ ಕೊಟ್ಟಿದ್ದ ಹಳೆಯ ಸೆಟ್ಟಿನಲ್ಲಿ ಐದು ಜೆರ್ಸಿಗಳ ಬಿಳಿ ನಂಬರು ನಸುಗೆಂಪಾಗಿ ಬಂದಿತ್ತು. ಬಿಸಿಗೆ ಕೆಂಪು ಬಟ್ಟೆಯ ಬಣ್ಣವೇ ಆವಿಯಾಗಿ ನಂಬರಿಗೆ ಏರಿದ್ದು ಅದು. ತೊಳೆದರೆ ಹೋಗುವುದಿಲ್ಲ.

ಬೆಳಿಗ್ಗೆ ಏಳಕ್ಕೆ ತಪಾಸಣೆ. ನಂಬರು ಎರಡು ಬಗೆ. ಸಬ್ಲಿಮೇಷನ್ನಿನಲ್ಲಿ ಬಣ್ಣ ನೂಲಿನೊಳಗೇ ಇಳಿದಿರುತ್ತದೆ, ಅದು ಏಳುವ ಪ್ರಶ್ನೆಯೇ ಇಲ್ಲ. ಹೀಟ್ ಪ್ರೆಸ್ಸಿನಲ್ಲಿ ಅಂಟಿಸಿದ್ದು ಮೂಲೆಯಿಂದ ಏಳುತ್ತದೆ. ಕಬಡ್ಡಿಯ ನಿಯಮದಂತೆ ನಂಬರು ಎದೆಯ ಮೇಲೆ ಕನಿಷ್ಠ 4 ಇಂಚು, ಬೆನ್ನಿಗೆ 6 ಇಂಚು ಇರಬೇಕು. 7ರ ತುದಿ ಎದ್ದು ಮಡಚಿಕೊಂಡರೆ 1 ಆಗಿ ಕಾಣುತ್ತದೆ, ಅಂಕ ಬರೆಯುವವರಿಗೆ ಗೊಂದಲ. ಎದ್ದ ಮೂಲೆಗೆ ಮೇಲಿನಿಂದ ಬಟರ್ ಪೇಪರ್ ಇಟ್ಟು, ಹಬೆ ಇಲ್ಲದ ಇಸ್ತ್ರಿಪೆಟ್ಟಿಗೆಯನ್ನು ಮಧ್ಯಮ ಬಿಸಿಯಲ್ಲಿ 10-15 ಸೆಕೆಂಡು ಒತ್ತಿ ಹಿಡಿಯಬೇಕು, ಎಳೆಯಬಾರದು. ಪೂರ್ತಿ ತಣಿದ ಮೇಲೆಯೇ ಪೇಪರ್ ತೆಗೆಯುವುದು. ನಂಬರು ಒತ್ತುವ ಈ ಕೆಲಸ ಕಿರಿದೆಂದು ಯಾರೂ ತಿಳಿಯಬಾರದು. 1986ರ ವಿಶ್ವಕಪ್ ಫುಟ್‌ಬಾಲಿನ ಕ್ವಾರ್ಟರ್ ಫೈನಲಿನಲ್ಲಿ ಅರ್ಜೆಂಟೀನಾದ ಮರಡೋನಾ ಇಂಗ್ಲೆಂಡ್ ವಿರುದ್ಧ ಎರಡು ಗೋಲು ಹೊಡೆದಾಗ ಮೈಮೇಲಿದ್ದ ನೀಲಿ ಜೆರ್ಸಿ ಪಂದ್ಯಕ್ಕೆ ಸ್ವಲ್ಪ ಮೊದಲು ಮೆಕ್ಸಿಕೊ ಸಿಟಿಯ ಅಂಗಡಿಯಲ್ಲಿ ಕೊಂಡದ್ದು. ಸೆಖೆಗೆ ಹಗುರ ಬಟ್ಟೆ ಬೇಕೆಂದು ಹುಡುಕಿ ತಂದು, ಲಾಂಛನ ಹೊಲಿದು, ಹೊಳೆಯುವ ಬೆಳ್ಳಿಬಣ್ಣದ ನಂಬರುಗಳನ್ನು ಇಸ್ತ್ರಿ ಹಾಕಿ ಅಂಟಿಸಿದ್ದರು. 2022ರಲ್ಲಿ ಅದು ಹರಾಜಾದದ್ದು 71 ಲಕ್ಷ ಪೌಂಡಿಗೆ.

ಹೊಲಿಗೆ ಬಿಡುವುದು ಹೆಚ್ಚಾಗಿ ಕಂಕುಳಿನ ಕೆಳಗೆ. ಹತ್ತಿಯ ದಾರದಲ್ಲಿ ನೇರ ಹೊಲಿಗೆ ಹಾಕಿದರೆ ಮೊದಲ ಟ್ಯಾಕಲ್ಲಿಗೇ ಪಟ್ ಎನ್ನುತ್ತದೆ, ಬಟ್ಟೆ ಹಿಗ್ಗುತ್ತದೆ, ದಾರ ಹಿಗ್ಗುವುದಿಲ್ಲ. ಪಾಲಿಯೆಸ್ಟರ್ ದಾರ, ತುದಿ ದುಂಡಗಿರುವ 11ನೇ ನಂಬರಿನ ಸೂಜಿ, ಸಣ್ಣ ಜಿಗ್‌ಜಾಗ್.

ಇಷ್ಟೆಲ್ಲ ಮಾಡಿದರೂ ಬ್ಯಾಗಿನಲ್ಲಿ ಎರಡು ಹೆಚ್ಚುವರಿ ಜೆರ್ಸಿ ಬೇಕೇ ಬೇಕು, ಯಾರಿಗೂ ಇಲ್ಲದ ನಂಬರಿನದ್ದು. ಫುಟ್‌ಬಾಲಿನಲ್ಲಿ ಅಂಗಿಯ ಮೇಲೆ ರಕ್ತ ಇದ್ದರೆ ರೆಫ್ರಿ ಮತ್ತೆ ಒಳಗೆ ಬಿಡುವುದಿಲ್ಲ, ಆಗ ಅದೇ ಗತಿ. 1990ರ ಫೆಬ್ರವರಿ 14ರಂದು ಅಮೆರಿಕದ ಒರ್ಲ್ಯಾಂಡೊದಲ್ಲಿ ಬಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್‌ನ 23ನೇ ನಂಬರಿನ ಜೆರ್ಸಿ ಪಂದ್ಯಕ್ಕೆ ಮೊದಲೇ ಕಳವಾಗಿ, ಬ್ಯಾಗಿನಲ್ಲಿದ್ದ ಹೆಸರಿಲ್ಲದ 12ನೇ ನಂಬರಿನ ಅಂಗಿ ಹಾಕಿ ಆಡಿದ. ಅವತ್ತು ಆ ಅಂಗಿ ಬ್ಯಾಗಿನಲ್ಲಿ ಇದ್ದದ್ದು ಕಿಟ್ ನೋಡುವವರ ಮುಂದಾಲೋಚನೆ.

ಸಂಜೆ 4ಕ್ಕೆ ಜೆರ್ಸಿಗಳು ನಂಬರಿನ ಸಾಲಿನಲ್ಲಿ ಬೆಂಚಿನ ಮೇಲೆ ಇದ್ದವು. 4ರ ಬಿಳಿ ಪಟ್ಟಿಯಲ್ಲಿ ಚುಕ್ಕೆ ಎಲ್ಲಿತ್ತು ಎಂದು ಹಾಕಿದವನಿಗೇ ಗೊತ್ತಾಗಲಿಲ್ಲ.

ಪಂದ್ಯಾಟದ ಋತು ಮುಗಿದು ಮಳೆಗಾಲಕ್ಕೆ ಎತ್ತಿಡುವಾಗ ಇನ್ನೊಂದು ಮಾತು. ನಂಬರಿಗೆ ನಂಬರು ತಾಗುವಂತೆ ಮಡಚಿದರೆ ಜೂನ್-ಜುಲೈಯ ಚಂಡಿಗೆ ಎರಡೂ ಅಂಟಿಕೊಂಡು, ಬಿಡಿಸುವಾಗ ಕಿತ್ತು ಬರುತ್ತವೆ. ನಡುವೆ ಬಟರ್ ಪೇಪರ್ ಇಡಿ, ನ್ಯೂಸ್ ಪೇಪರ್ ಬೇಡ, ಶಾಯಿ ಹತ್ತುತ್ತದೆ. ಹಳೆಯ ಹತ್ತಿಯ ದಿಂಬಿನ ಚೀಲದಲ್ಲಿ ಹಾಕಿ, ಗೋಡೆಗೆ ತಾಗದ ಕಪಾಟಿನ ಮೇಲಿನ ಅಟ್ಟಣಿಗೆಯಲ್ಲಿ ಇಟ್ಟು, ಹದಿನೈದು ದಿನಕ್ಕೊಮ್ಮೆ ತೆರೆದು ಗಾಳಿಗೆ ಹಾಕಿ. ಬೂಷ್ಟು ಮೊದಲು ಕಾಣುವುದು ಕಾಲರಿನ ಒಳಮಡಿಕೆಯಲ್ಲಿ.