ಶೂರ್ಪನಖಿಯ ಸ್ವರ ಮತ್ತು ನಾಲ್ಕು ಮುದಿ ಸೆಲ್ಲು

ಮೂರು ವಾರದ ತಲೆನೋವು ನಿನ್ನೆ ರಾತ್ರಿ ಬಿಟ್ಟಿತು. ಪೂರ್ತಿ ಅಲ್ಲ, ಮುಕ್ಕಾಲು ಪಾಲು.

ಮಾವನ ಹಳೇ ಕ್ಯಾಸೆಟ್ಟಿನ ಯಕ್ಷಗಾನ ಪ್ರಸಂಗ ‘ಪಂಚವಟಿ’ ಒಂದು ಕಡೆ. ಈ ವರ್ಷ ಬದಿಯಡ್ಕದ ಹತ್ತಿರ ಹಳೇ ಕ್ರಮದಲ್ಲೇ ಬೇಕೆಂದು ಹಟ ಹಿಡಿದು ಆಡಿಸಿದ ಆಟ ಇನ್ನೊಂದು ಕಡೆ. ಎರಡರಲ್ಲೂ ಕುಂಬಳೆಯ ಪಾರ್ತಿಸುಬ್ಬನ ಪದ್ಯಗಳೇ, ವೇಷಧಾರಿಗಳು ಮಾತ್ರ ಬೇರೆ. ಪದ್ಯಕ್ಕೆ ಪದ್ಯ ಹೊಂದಿಸಿ ಕೇಳುವುದು ನನ್ನ ಕೆಲಸ. ಪ್ಲೇಯರಿನ ಹೆಡ್ ಒರೆಸಿದ್ದು, ಕಂಪ್ಯೂಟರಿಗೆ ಇಳಿಸಿದ್ದು ಎಲ್ಲ ಬಿಡಿ.

ತಕರಾರು ಮಾಯಾ ಶೂರ್ಪನಖಿಯದ್ದು, ಅಂದರೆ ಸುಂದರಿಯ ರೂಪ ತಾಳಿ ಬರುವ ಶೂರ್ಪನಖಿಯದ್ದು. ಹಳೇ ವೇಷದ ಸ್ವರ ತೆಳು, ನಯ. ಮನೆಯಲ್ಲಿ ಒಂದೇ ತೀರ್ಪು: ‘ಸ್ತ್ರೀವೇಷ ಅಂದ್ರೆ ಅದು. ಈಗಿನವನದ್ದು ಸೀರೆ ಉಟ್ಟ ಗಂಡಸಿನ ಸ್ವರ.’ ನಾನೂ ತಲೆಯಾಡಿಸಿದ್ದೆ. ಆದರೆ ಟೇಪಿನಲ್ಲಿ ಪದ್ಯ ಹಾಡುವ ಭಾಗವತರ ಶ್ರುತಿ ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಬಿಳಿ ಮೂರು ಬರುತ್ತಿತ್ತು. ಮಾವ ಒಪ್ಪಲೇ ಇಲ್ಲ. ‘ಅವರು ಕಪ್ಪು ಎರಡು ಬಿಟ್ಟು ಹಾಡಿದ್ದೇ ಇಲ್ಲ ಮಾರಾಯ. ನಿನ್ನ ಡಬ್ಬಿಯೇ ಸರಿ ಇಲ್ಲ.’

ಸರಿ, ಡಬ್ಬಿಯ, ಅಂದರೆ ಕ್ಯಾಸೆಟ್ ಪ್ಲೇಯರಿನ, ರಬ್ಬರ್ ಬೆಲ್ಟ್ ಬದಲಿಸಿದೆ. ಬೆಲ್ಟಿನ ಕಥೆ ಕೇಳಬೇಡಿ. ಆನ್‌ಲೈನಿನಲ್ಲಿ ತರಿಸಿದ್ದು ಹಿಟ್ಟಿನ ಗಿರಣಿಗೆ ಆಗುವಷ್ಟು ದಪ್ಪ. ಅಂಗಡಿಯವನು ‘ಪೆನ್‌ಡ್ರೈವ್ ತಗೊಳ್ಳಿ’ ಅಂದ. ಮೂರನೆಯದು ಸರಿ ಕೂತಿತು. ಆದರೂ ಬಿಳಿ ಮೂರು!

ಗುಟ್ಟು ಗುಂಯ್ ಶಬ್ದದಲ್ಲಿತ್ತು. ಮೈಕ್‌ಸೆಟ್ಟಿಗೆ ವಯರ್ ಸಿಕ್ಕಿಸಿ ಮಾಡಿದ ರೆಕಾರ್ಡಿಂಗ್ ಅದು. ಕರೆಂಟಿನ 50 ಹರ್ಟ್ಸ್ ಗುಂಯ್ ಕೂಡ ಒಳಗೆ ಸೇರಿರಲೇಬೇಕಲ್ವಾ? ಶಬ್ದ ತಿದ್ದುವ ಸಾಫ್ಟ್‌ವೇರ್ ಆಡಾಸಿಟಿಯಲ್ಲಿ ನೋಡಿದರೆ ಎರಡು ಮೊನೆ. ಒಂದು 50ಕ್ಕೆ, ಅದು ನನ್ನ ಪ್ಲೇಯರಿನದ್ದೇ. ಇನ್ನೊಂದು 53ಕ್ಕೆ. ಅಂದರೆ ಟೇಪು ರೆಕಾರ್ಡ್ ಮಾಡಿದಾಗಿಗಿಂತ ನೂರಕ್ಕೆ 6ರಷ್ಟು ಜೋರು ಓಡುತ್ತಿದೆ. ಬಿಳಿ ಮೂರಕ್ಕೂ ಕಪ್ಪು ಎರಡಕ್ಕೂ ಇರುವ ಅರ್ಧ ಸ್ವರದ ಅಂತರವೂ ಅಷ್ಟೇ! ಆ ರಾತ್ರಿ ಮಾವನ ರೆಕಾರ್ಡರಿನ ಸೆಲ್ಲು ಸುಸ್ತಾಗಿತ್ತು. ಮೋಟಾರು ನಿಧಾನ ತಿರುಗಿ ಬರೆದದ್ದನ್ನು ಸರಿಯಾದ ವೇಗದಲ್ಲಿ ಓದಿದರೆ ಗಂಡಸೂ ಹೆಂಗಸಾಗುತ್ತಾನೆ.

ಒಂದೇ ಅಳತೆಯಲ್ಲಿ ಇಳಿಸಿದರೂ ಸಾಲದು. ಸೈಡಿನ ಶುರುವಿನಲ್ಲಿ ಗುಂಯ್ 51, ಹೋಗ್ತಾ ಹೋಗ್ತಾ 54. ನಡುವೆ ಒಂದು ‘ಟಕ್’, ಮಾವ ಹೊಸ ಸೆಲ್ಲು ಹಾಕಿದ್ದು, ಇಡೀ ಮೇಳವೇ ಮೆಟ್ಟಿಲು ಜಾರಿದ ಹಾಗೆ ಶ್ರುತಿ ದಬಕ್ಕನೆ ಕೆಳಗೆ. 45 ನಿಮಿಷದ ಸೈಡನ್ನು ಐದೈದು ನಿಮಿಷಕ್ಕೆ ತುಂಡು ಮಾಡಿ ಸರಿಪಡಿಸಿದೆ.

ಈಗ ಕೇಳಿದರೆ ಹಳಬರದ್ದೂ ಗಟ್ಟಿ ಗಂಡುಸ್ವರವೇ. ಮಾವನಿಗೆ ಸ್ವಲ್ಪ ಬೇಜಾರಾಯಿತು. ಆದರೂ ಆ ಹಳಬರೇ ಮೇಲು ಅಂತ ನನ್ನ ಲೆಕ್ಕ, ಕಾರಣ ಮಾತ್ರ ಬೇರೆ. ರಾಮ ತಮ್ಮನ ಹತ್ತಿರ ಹೋಗು ಅಂದಾಗ ಅವರು ಬಾಯಿ ಬಿಡುವುದಿಲ್ಲ. ನಾಲ್ಕು ಸೆಕೆಂಡು ಸುಮ್ನೆ. ಸಭೆ ನಗುತ್ತದೆ. ಆಮೇಲೆ ‘ಹ್ಞೂಂ’ ಅಷ್ಟೇ. ಹೊಸಬರು ಅದೇ ಜಾಗದಲ್ಲಿ ಮೂರು ಪ್ರಾಸ ಸುರಿದು, ನಗು ಬರುವ ಮೊದಲೇ ಮುಂದೆ ಹೋಗಿಬಿಡುತ್ತಾರೆ. ಕುಣಿತಕ್ಕೆ ಮಾತ್ರ ಹೊಸಬರಿಗೇ ಪೂರ್ತಿ ಅಂಕ. ಚೆಂಡೆ-ಮದ್ದಳೆಯ ನುಡಿತಕ್ಕೆ ಕುಣಿಯುವ ಬಿಡ್ತಿಗೆಯಲ್ಲಿ ಅವರ ಗೆಜ್ಜೆ ಚೆಂಡೆಯ ಪೆಟ್ಟಿನ ಮೇಲೇ ಬೀಳುತ್ತದೆ, ಕೂದಲೆಳೆ ವ್ಯತ್ಯಾಸ ಇಲ್ಲ.

ಅಂದ ಹಾಗೆ, ಮುಳ್ಳೇರಿಯದ ಭಾವನ ಅಟ್ಟದಲ್ಲಿ ಸ್ಪೂಲ್ ಟೇಪು ಸಿಕ್ಕಿದೆ, ಮೇಲೆ ‘ಸೇತುಬಂಧ’ ಅಂತ ಬರೆದಿದೆ. ಓಡಿಸುವ ಯಂತ್ರ ಯಾರ ಹತ್ತಿರವಾದರೂ ಉಂಟಾ?

ಅದಕ್ಕೆ ಮೊದಲು ಈ ‘ಪಂಚವಟಿ’ಯ ಕೊನೆಯ ಏಳು ನಿಮಿಷ ಮುಗಿಯಬೇಕು. ಅಲ್ಲಿ ಕರೆಂಟೇ ಹೋಗಿದೆ. ಮಾವ ವಯರ್ ಕಿತ್ತು ರೆಕಾರ್ಡರಿನ ಮೈಕಿನಲ್ಲೇ ಹಿಡಿದಿದ್ದಾರೆ. ಗುಂಯ್ ಇಲ್ಲ, ಅಳತೆಯೂ ಇಲ್ಲ. ಶ್ರುತಿ ಹಿಡಿಯೋಣ ಅಂದರೆ ಭಾಗವತರೂ ಹಾಡುತ್ತಿಲ್ಲ. ಲಕ್ಷ್ಮಣ ಮೂಗು ಕೊಯ್ದಾಗಿದೆ, ಬರೀ ಚೆಂಡೆ, ನಿಜರೂಪದ ಘೋರ ಶೂರ್ಪನಖಿಯ ಅಬ್ಬರ.